ಮೂರು ಇಂಚಿನ ಮೆಟ್ಟಿಲು

ನಮ್ಮ ಹೊಸ ಮನೆಯಲ್ಲಿ ಮಾಳಿಗೆಗೆ ಹೋಗಲು 19 ಮೆಟ್ಟಿಲು. ಮೊದಲ 18 ಮೆಟ್ಟಿಲುಗಳ ಎತ್ತರ ಏಳೇಳು ಇಂಚು. ಕೊನೆಯದು ಮಾತ್ರ ಮೂರೇ ಇಂಚು. ಕಾಲಿಗೆ ಅದರದೇ ಒಂದು ಲೆಕ್ಕ ಇರುತ್ತದೆ ನೋಡಿ. ಹದಿನೆಂಟು ಸಲ ಏಳು ಇಂಚು ಎತ್ತಿದ ಕಾಲು ಹತ್ತೊಂಬತ್ತನೇ ಸಲವೂ ಅಷ್ಟೇ ಎತ್ತುತ್ತದೆ. ಅಂದುಕೊಂಡ ಜಾಗದಲ್ಲಿ ನೆಲ ಇರುವುದಿಲ್ಲ. ಧಪ್ ಅಂತ ಬೀಳುತ್ತದೆ.

ಗೃಹಪ್ರವೇಶದ ದಿನ ಬಂದವರಲ್ಲಿ ಮಾಳಿಗೆ ನೋಡಲು ಹೋದವರೆಲ್ಲ ಅಲ್ಲಿ ಮುಗ್ಗರಿಸಿದರು. ನಮ್ಮ ಸೋದರಮಾವ ಅಲ್ಲಿಂದಲೇ ಕೂಗಿ ಕೇಳಿದರು, "ಯವ್ವಾ, ನಿಮ್ಮ ಗೌಂಡಿ ಏನ್ ಕುಡದು ಕಟ್ಟ್ಯಾನೇನ?" ಗೌಂಡಿ ಪಾಪ ಕೆಳಗೆ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದ. ಕೇಳಿಸಿದರೂ ಕೇಳಿಸದವನ ಹಾಗೆ ಇದ್ದ.

ಅವನನ್ನು ನಾನೂ ಬೈದಿದ್ದೆ. ಮೆಟ್ಟಿಲಿನ ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಸುರಿಯುವ ಹಲಗೆಯ ಅಚ್ಚು, ಹೊಡೆಯುವಾಗ ಶಾಲೆಯಿಂದ ನೇರ ಸೈಟಿಗೆ ಹೋಗಿದ್ದೆ. ಕೈಯಲ್ಲಿ ಟೇಪು. ಅಳೆದು ನೋಡಿದರೆ ಕೊನೆಯದು ಕಮ್ಮಿ. ದುಡ್ಡು ನೀರಿನ ಹಾಗೆ ಹೋಗುತ್ತಿದ್ದ ದಿನಗಳವು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗೌಂಡಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಕೈಗೆ ಹತ್ತಿದ್ದ ಸಿಮೆಂಟು ಒರೆಸಿಕೊಂಡು, ಐದೂ ಬೆರಳು ಒತ್ತಿ ಜೋಡಿಸಿ, ಅಂಗೈಯನ್ನು ಅಡ್ಡಲಾಗಿ ಮೇಲಿನ ಹಲಗೆಯ ಮೇಲೆ ಇಟ್ಟು ತೋರಿಸಿದ.

"ಅಕ್ಕೋರೆ, ಇದು ತಪ್ಪಲ್ರಿ. ನಾಳಿ ನೀವು ಮ್ಯಾಲ ಖೋಲಿ ಕಟ್ಟಿದ್ರಿ ಅಂದ್ರ ನೆಲಾ ಇಷ್ಟು ಏಳತದ. ಅವಾಗ ಈ ಪಾವಟಿಗಿ ಬರೋಬ್ಬರಿ ಏಳು ಇಂಚ್ ಆಗತದ. ಈಗ ಏಳು ಇಟ್ಟೆ ಅಂದ್ರ ಅವಾಗ ಹನ್ನೊಂದ್ ಆಗತದ. ನಿಮ್ಮ ಅತ್ತಿಯವರು ಹತ್ತಬೇಕೋ ಬ್ಯಾಡೋ?"

ಈಗ ಬರೀ ಸ್ಲ್ಯಾಬ್ ಇದೆ. ಮುಂದೆ ಮನೆಯೊಳಗಿನ ನೆಲ ಆಗುವಾಗ ಅದರ ಮೇಲೆ ಪೈಪು ಮುಚ್ಚುವಷ್ಟು ಕಾಂಕ್ರೀಟು, ಗಾರೆ, ಟೈಲ್ಸು ಬೀಳುತ್ತದೆ. ಒಟ್ಟು ನಾಲ್ಕು ಇಂಚು. ಇನ್ನೂ ಬಾರದ ನೆಲಕ್ಕೆ ಆತ ಈಗಲೇ ಜಾಗ ಬಿಟ್ಟಿದ್ದ. ನಾನು ಟೇಪು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಮೇಲೊಂದು ಕೋಣೆ ಬೇಕು ಅನ್ನುವುದು ನಮ್ಮ ಮನೆಯಲ್ಲಿ ಹೇಗೆ ಶುರುವಾಯಿತು ಅಂತ ಹೇಳಬೇಕು. ಸೈಟು 30ಕ್ಕೆ 40. ಕಲಬುರಗಿಯ ರಿಂಗ್ ರೋಡಿನ ಆಚೆ, ಮೊನ್ನೆ ಮೊನ್ನೆಯವರೆಗೆ ತೊಗರಿ ಬೆಳೆಯುತ್ತಿದ್ದ ಎರೆ ಹೊಲ. ಸಾಲ, ನನ್ನ ಪಿಎಫ್, ಇವರ ತಂದೆಯ ಹೊಲದ ಪಾಲು ಎಲ್ಲ ಸೇರಿಸಿದರೂ ನೆಲದ ಮನೆಯೊಂದೇ ಆಗುವಷ್ಟು ದುಡ್ಡು. ಎರಡು ಮಲಗುವ ಕೋಣೆ. ಒಂದರಲ್ಲಿ ಅತ್ತೆ ಮತ್ತು ಮಗಳು, ಇನ್ನೊಂದರಲ್ಲಿ ನಾವು ಮತ್ತು ಮಗ. ಮಗಳು ಎಂಟನೇ ಕ್ಲಾಸು. ಇನ್ನು ನಾಲ್ಕೈದು ವರ್ಷಕ್ಕೆ ಅವಳಿಗೊಂದು ಬಾಗಿಲು ಬೇಕಾಗುತ್ತದೆ, ಒಳಗಿಂದ ಚಿಲಕ ಹಾಕಿಕೊಳ್ಳುವಂಥದ್ದು. "ಮುಂದ ನೋಡೋಣು" ಅಂದರು ಇವರು. ನಾನೂ ಹೂಂ ಅಂದೆ.

ಅದೇ ಹೊತ್ತಿಗೆ ನನ್ನ ಮೈದುನನ ಫೋನು ಬಂತು. ಅವನು ಇಂಗ್ಲೆಂಡಿನಲ್ಲಿ ಇದ್ದಾನೆ. ಅವನೂ ಹೊಸದಾಗಿ ಕಟ್ಟಿದ ಮನೆ ತಗೊಂಡಿದ್ದ. ಅಲ್ಲಿಯ ಮನೆಗಳಿಗೆ ಇಳಿಜಾರು ಚಾವಣಿ, ಅದರ ಹೊಟ್ಟೆಯಲ್ಲಿ ಖಾಲಿ ಅಟ್ಟ. ಮಗು ಹುಟ್ಟಿದ ಮೇಲೆ ಆ ಅಟ್ಟವನ್ನೇ ಒಂದು ಕೋಣೆ ಮಾಡೋಣ ಅಂತ ಏಣಿ ಹಾಕಿ ಹತ್ತಿ ನೋಡಿದರೆ ಒಳಗೆ ನಿಲ್ಲಲೂ ಜಾಗವಿಲ್ಲ. ಪಟ್ಟಿ ಪಟ್ಟಿ ಮರ. ಇಂಗ್ಲಿಷಿನ ಡಬ್ಲ್ಯು ಅಕ್ಷರದ ಹಾಗೆ ಅಡ್ಡಾದಿಡ್ಡಿ ಜೋಡಿಸಿದ ಚೌಕಟ್ಟುಗಳು, ಎರಡೆರಡು ಅಡಿಗೆ ಒಂದು. ಫ್ಯಾಕ್ಟರಿಯಲ್ಲಿ ಮಾಡಿ ಲಾರಿಯಲ್ಲಿ ತಂದು ನಿಲ್ಲಿಸುತ್ತಾರಂತೆ. ಆ ಪಟ್ಟಿಗಳಲ್ಲಿ ಒಂದನ್ನೂ ಸುಮ್ನೆ ಕೊಯ್ಯುವ ಹಾಗಿಲ್ಲ. ಇಡೀ ಚಾವಣಿಯ ಭಾರ ಅವುಗಳ ಮೇಲೇ ಹಂಚಿಕೊಂಡಿರುತ್ತದೆ. ಅಟ್ಟದ ನೆಲವೂ ಅಷ್ಟೆ, ಹಳೇ ಸೂಟ್‌ಕೇಸು ಇಡುವಷ್ಟು ಗಟ್ಟಿ. ಒಂದು ಚದರ ಮೀಟರಿಗೆ 25 ಕಿಲೋ ಲೆಕ್ಕದಲ್ಲಿ ಮಾಡಿದ್ದು. ಜನ ವಾಸ ಮಾಡುವ ನೆಲಕ್ಕೆ 150 ಕಿಲೋ ತಡೆಯುವ ತಾಕತ್ತು ಬೇಕು.

"ವೈನಿ, ಕಟ್ಟೋಕಿಂತ ಮೊದ್ಲು ಕೇಳಿದ್ರ ಬ್ಯಾರೆ ಥರದ ಚೌಕಟ್ಟು ಹಾಕ್ತಿದ್ರಂತ. ನಡುವ ಖಾಲಿ ಬಿಟ್ಟು, ಕೋಣಿ ಆಗೋ ಹಂಗ. ಅವಾಗ ಥೋಡೆ ರೊಕ್ಕ ಜಾಸ್ತಿ ಆಗ್ತಿತ್ತು. ಈಗ ಪೂರಾ ಬಿಚ್ಚಿ ಮಾಡಬೇಕು. ಮೆಟ್ಟಲಕ್ಕೂ ಜಾಗ ಇಲ್ಲ. ತಲಿ ಮ್ಯಾಲ ಎರಡು ಮೀಟರ್ ಬಿಡಬೇಕಂತ ಕಾಯ್ದೆ ಅದ ಇಲ್ಲಿ. ನೀವಾದ್ರೂ ಮೊದ್ಲೇ ಕೇಳ್ರಿ."

ನಮ್ಮದು ಸಪಾಟು ಮಾಳಿಗೆ, ಅವನದು ಇಳಿಜಾರು. ಅವನಲ್ಲಿ ಮರ, ನಮ್ಮಲ್ಲಿ ಕಾಂಕ್ರೀಟು. ಆದರೂ ಫೋನಿಟ್ಟ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಇವರು ಎಂಜಿನಿಯರ್ ಹುಡುಗನನ್ನು ಮನೆಗೇ ಕರೆದುಕೊಂಡು ಬಂದರು.

ಆ ಹುಡುಗ ಚಾ ಕುಡಿಯುತ್ತ ನಕ್ಷೆಯ ಹಿಂಬದಿಗೆ ಬರೆದ ಲೆಕ್ಕ ನನ್ನ ಹತ್ತಿರ ಇನ್ನೂ ಇದೆ. ನಾನು ಗಣಿತದ ಟೀಚರ್. ಹಾಗಾಗಿ ಅವನಿಗಿಂತ ನನಗೇ ಖುಷಿ ಜಾಸ್ತಿ ಆಯಿತು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಹತ್ತು ಅಡಿ ಎತ್ತರ ಅಂದರೆ ಒಂದು ಅಡಿ ಉದ್ದಕ್ಕೆ ಸುಮಾರು 400 ಕಿಲೋ. ಒಂದು ಎಮ್ಮೆ ನಿಂತ ಹಾಗೆ ಅಂದುಕೊಳ್ಳಿ, ಎಮ್ಮೆ ಸ್ವಲ್ಪ ಬಡಕಲು ಅಷ್ಟೆ. 12ಕ್ಕೆ 14 ಅಡಿಯ ಒಂದು ಕೋಣೆ ಎಂದರೆ ಸುತ್ತ 52 ಅಡಿ ಗೋಡೆ. ಬಾಗಿಲು ಕಿಟಕಿ ಕಳೆಯದೆ ಹೇಳುವುದಾದರೆ ಸುಮಾರು 21 ಟನ್. ಐದು ಇಂಚಿನ ಸ್ಲ್ಯಾಬು ಚದರ ಅಡಿಗೆ ಸುಮಾರು 30 ಕಿಲೋ. ಅದೇ ಗೋಡೆಯನ್ನು ಬೂದು ಬಣ್ಣದ ಹಗುರ ಬ್ಲಾಕಿನಲ್ಲಿ, ಎಎಸಿ ಅಂತಾರಲ್ಲ, ಆರು ಇಂಚಿಗೆ ಕಟ್ಟಿದರೆ ಗಾರೆ ಸೇರಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಮಾಳಿಗೆ ಅಂತ ಹಾಕಿದ ಸ್ಲ್ಯಾಬಿಗೂ ನೆಲ ಅಂತ ಹಾಕಿದ ಸ್ಲ್ಯಾಬಿಗೂ ವ್ಯತ್ಯಾಸ ಇದೆ. ನಮ್ಮ ದೇಶದ ಕಟ್ಟಡ ನಿಯಮಗಳ ಕೋಡ್‌ನಲ್ಲಿ ಜನ ಓಡಾಡುವ ಮಾಳಿಗೆಗೆ ಚದರ ಮೀಟರಿಗೆ 150 ಕಿಲೋ ಲೆಕ್ಕ ಹಿಡಿದರೆ, ವಾಸದ ಕೋಣೆಯ ನೆಲಕ್ಕೆ 200 ಕಿಲೋ. ಮೇಲೆ ಎದ್ದೇಳುವ ಗೋಡೆಗಳದು ಬೇರೆ. ನಾವು ಮೇಲಿನ ಕೋಣೆಯ ಮಾತು ಹೇಳದೆ ಬರೀ ಮಾಳಿಗೆ ಹಾಕಿಸಿಕೊಂಡು, ಹತ್ತು ವರ್ಷದ ನಂತರ ಅದನ್ನೇ ನೆಲ ಅಂತ ಕರೆದರೆ ಹೆಸರು ಬದಲಾಗುತ್ತದೆ. ಒಳಗಿನ ಸರಳು ಅಷ್ಟೇ ಇರುತ್ತದೆ.

"ಮೇಡಂ, ಮುಂದ ಏನ್ ಕಟ್ಟತೀರಿ ಅಂತ ಈಗ ಖಾತ್ರಿ ಹೇಳಬ್ಯಾಡ್ರಿ. ಎಷ್ಟು ಭಾರ ಅಂತ ಅಷ್ಟ ಹೇಳ್ರಿ" ಅಂದ. ನನಗೆ ಆ ಮಾತು ಹಿಡಿಸಿತು.

ಬುನಾದಿಯ ಹೊತ್ತಿಗೆ ಇದೆಲ್ಲ ಗೊತ್ತಾಗಿದ್ದು ನಮ್ಮ ಪುಣ್ಯ. ಎರೆ ಭೂಮಿಯ ಗುಣ ಈ ಕಡೆಯವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಹಿಟ್ಟು ಉಬ್ಬಿದ ಹಾಗೆ ಉಬ್ಬು. ಅದರ ಮೇಲೆ ಕೂತ ಮನೆಯೂ ಉಸಿರಾಡುತ್ತದೆ, ಗೋಡೆ ಬಾಯಿ ಬಿಡುತ್ತದೆ. ಕರಿ ಮಣ್ಣು ದಾಟಿ ಗಟ್ಟಿ ಮುರುಮು ಸಿಗುವವರೆಗೆ ಅಗೆಯಬೇಕು. ನಮಗೆ ಏಳು ಅಡಿಗೆ ಸಿಕ್ಕಿತು. ಪಕ್ಕದ ಸೈಟಿನವರಿಗೆ ಒಂಬತ್ತು ಅಡಿಗೆ. ಒಂದು ಹೆಚ್ಚಿನ ಮಹಡಿ ಲೆಕ್ಕ ಹಿಡಿದು ಕಾಲಮ್ಮಿನ ಬುಡದ ಫುಟಿಂಗ್ ಅಗಲ ಮಾಡಿಸಿ, ಕಾಲಮ್ಮಿಗೆ ದಪ್ಪ ರಾಡು ಹಾಕಿಸಿ, ಸ್ಲ್ಯಾಬಿಗೆ ಸ್ವಲ್ಪ ಜಾಸ್ತಿ ಕಬ್ಬಿಣ ಹಾಕಿಸಿದ್ದಕ್ಕೆ ಒಟ್ಟು ಹೆಚ್ಚಾದ ಖರ್ಚು ಆಗಿನ ಒಂದು ತೊಲ ಬಂಗಾರದ ಹತ್ತಿರ ಹತ್ತಿರ. ನಾನು ಹಾಗೇ ನೆನಪಿಟ್ಟುಕೊಂಡಿದ್ದೇನೆ, ಯಾಕೆಂದರೆ ಬಂಗಾರವನ್ನೇ ಕೊಟ್ಟದ್ದು.

ಅತ್ತೆಗೆ ಮಾತ್ರ ಇದ್ಯಾವುದೂ ಸರಿ ಬರಲಿಲ್ಲ. ಮೇಲೆ ಕಟ್ಟುವ ಮಾತೆತ್ತಿದರೆ ಸಾಕು, ಎದ್ದು ಹೋಗಿಬಿಡುತ್ತಿದ್ದರು. ಖರ್ಚಿನ ಭಯ ಅಂತ ನಾನು ತಿಳಿದಿದ್ದೆ. ಒಂದು ಸಂಜೆ ಅಕ್ಕಿ ಹಸನು ಮಾಡುತ್ತ ಕೂತಾಗ ಅವರೇ ಬಾಯಿಬಿಟ್ಟರು.

ಅತ್ತೆಯ ಮನೆ ಆಳಂದ ತಾಲೂಕಿನ ಒಂದು ಹಳ್ಳಿ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಈ ಬಿಸಿಲಿಗೆ ಅದರಷ್ಟು ತಂಪು ಇನ್ನೊಂದಿಲ್ಲ. ಒಳಗೆ ಅಟ್ಟವಿತ್ತು. ಬೀಜದ ಜೋಳ, ಉಳ್ಳಾಗಡ್ಡಿ, ಹಗ್ಗ, ಮುರಿದ ಕುಂಟೆ, ಯಾರದೋ ತೊಟ್ಟಿಲು ಎಲ್ಲ ಅಲ್ಲೇ. ಪ್ರತಿ ವರ್ಷ ಮಳೆ ಬರುವ ಮೊದಲು ಮಾಳಿಗೆಗೆ ಹಾಳು ಮಣ್ಣು ಹಾಕುವುದು ರೂಢಿ. ಹಳೆಯದು ತೊಳೆದು ಹೋದಲ್ಲಿ ಹೊಸದು. ಸೋರಿದಲ್ಲಿ ಇನ್ನೊಂದು ಪುಟ್ಟಿ. ಹಾಕಿ ಬಡಿದು ಗಟ್ಟಿ ಮಾಡುವುದು.

"ವರ್ಷಾ ಹಾಕ್ತಿದ್ವಿ. ನಮ್ಮ ಅತ್ತಿ ಹಾಕಿದ್ಳು, ಆಕಿ ಅತ್ತಿ ಹಾಕಿದ್ಳು. ತಗದದ್ದು ಯಾರೂ ಇಲ್ಲ. ಯಾರ್ ಲೆಕ್ಕಾ ಇಟ್ಟಾರ ಯವ್ವಾ?"

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಎಲ್ಲರೂ ಮೈಮರೆತು ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇದ್ದಾಗ ಭೂಮಿ ನಡುಗಿತು. ಕೇಂದ್ರ ಲಾತೂರು ಜಿಲ್ಲೆಯ ಕಿಲ್ಲಾರಿ. ತೀವ್ರತೆ ಸುಮಾರು 6.2. ಅಲ್ಲಿ ಸಾವಿರಾರು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ತಮ್ಮದೇ ಕಲ್ಲು ಮಣ್ಣಿನ ಮನೆಗಳ ಅಡಿಯಲ್ಲಿ. ಅತ್ತೆಯ ಊರಲ್ಲಿ ಜೀವ ಹೋಗಲಿಲ್ಲ. ಮಾಡದಲ್ಲಿದ್ದ ಪಾತ್ರೆ ಉರುಳಿ ಬಿದ್ದವು. ಪಡಸಾಲೆಯ ಒಂದು ಮೂಲೆ ಕುಸಿಯಿತು. ಅಟ್ಟ ಅದರ ಸಾಮಾನಿನ ಸಮೇತ ಕೆಳಗೆ ಬಂತು. ಅದರ ಕೆಳಗೆ ದಿನಾ ಮಲಗುತ್ತಿದ್ದ ಅತ್ತೆಯ ಮಾವ ಅವತ್ತು ಗಣಪತಿ ಕಳಿಸಲು ಹೋದವರು ಕಟ್ಟೆಯ ಮೇಲೇ ನಿದ್ದೆ ಹೋಗಿದ್ದರು. ಆಮೇಲೆ ಒಂದು ತಿಂಗಳು ಇಡೀ ಊರು ಹೊರಗೆ ಮಲಗಿತು, ಎತ್ತುಗಳ ಪಕ್ಕದಲ್ಲಿ.

ಒಂದೂವರೆ ಅಡಿ ಮಣ್ಣೆಂದರೆ ಚದರ ಅಡಿಗೆ 70 ಕಿಲೋ. ನಾನು ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ಹೊಸ ಸ್ಲ್ಯಾಬಿನ ಎರಡು ಪಟ್ಟಿಗಿಂತ ಜಾಸ್ತಿ, ಅದೂ ಒಂದಕ್ಕೊಂದು ಬಿಗಿಯಿಲ್ಲದ ಕಲ್ಲಿನ ಗೋಡೆಗಳ ಮೇಲೆ. ತಂಪಿಗೆ ಅಂತ ಹಾಕಿದ ಪುಟ್ಟಿ ಪುಟ್ಟಿ ಮಣ್ಣು. ಅತ್ತೆಗೆ ಈ ಲೆಕ್ಕ ತೋರಿಸಲಿಲ್ಲ. ಅವರಿಗೆ ಗೊತ್ತಿರುವುದನ್ನೇ ನಾನು ಚೀಟಿಯಲ್ಲಿ ಬರೆದದ್ದು.

ಕಲಬುರಗಿ ಭೂಕಂಪ ನಿಯಮಗಳ 2016ರ ಕೋಡ್‌ ಪ್ರಕಾರ ಎರಡನೇ ವಲಯ, ಅಂದರೆ ಭೂಕಂಪದ ಅಪಾಯ ಕಡಿಮೆ ಇರುವ ಕಡೆ. ಹಾಗಂತ ನಿಶ್ಚಿಂತೆಯಾಗಿ ಇರೋಣವೆಂದರೆ 2021ರಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಸಣ್ಣ ಸಣ್ಣ ಕಂಪನ ಆಗಿ ಜನ ಮನೆ ಬಿಟ್ಟು ಹೊರಗೆ ಮಲಗಿದರು. ಟಿವಿಯಲ್ಲಿ ಅದು ಬಂದಾಗ ಅತ್ತೆ ಎದ್ದು ಚಾನಲ್ ಬದಲಿಸಿದ್ದು ಈಗ ನೆನಪಾಗುತ್ತದೆ.

ಹಾಗಾಗಿ ಮೇಲಿನ ಕೋಣೆ ಯಾವಾಗ ಬಂದರೂ ಹಗುರಾಗಿ ಬರಬೇಕು ಅನ್ನುವುದು ಅಂದೇ ತೀರ್ಮಾನ ಆಯಿತು. ಇಟ್ಟಿಗೆ ಬೇಡ, ಮೇಲೆ ಇನ್ನೊಂದು ಸ್ಲ್ಯಾಬೂ ಬೇಡ. ಹಗುರ ಬ್ಲಾಕಿನ ಗೋಡೆ, ಕಬ್ಬಿಣದ ಚೌಕಟ್ಟು, ಇಳಿಜಾರು ಚಾವಣಿ. ಕೊನೆಗೆ ನೋಡಿದರೆ ಮೈದುನನ ಅಟ್ಟದ ಹಾಗೇ ಆಗುತ್ತದೆ! ಬುನಾದಿ ಮಾತ್ರ ಪೂರಾ ಇಟ್ಟಿಗೆ ಮಹಡಿ ಹೊರುವಷ್ಟು ಗಟ್ಟಿ. ಎಂಜಿನಿಯರ್ ಹುಡುಗ ನಕ್ಕ, "ಮೇಡಂ, ಇಷ್ಟು ತಾಕತ್ತು ಕೊಟ್ಟು ಅಷ್ಟ ಹೊರಸ್ತೀರಿ?" ಹೌದು, ಅಷ್ಟೇ ಹೊರಿಸುತ್ತೇವೆ.

ಆದರೆ ಇಳಿಜಾರು ತಗಡು ಅಂದಕೂಡಲೇ ಎರಡು ತಲೆನೋವು. ಒಂದು ಗಾಳಿ. ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಹೊತ್ತು ಧೂಳೆಬ್ಬಿಸಿಕೊಂಡು ಬರುವ ಗಾಳಿ ಎಷ್ಟು ಮನೆಗಳ ಪತ್ರಾಸು ಹಾರಿಸಿದೆ, ಈ ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ಹಗುರ ಚಾವಣಿಗೆ ಕೆಳಗೆ ಒತ್ತುವ ಭಾರದ ಚಿಂತೆ ಕಮ್ಮಿ, ಮೇಲಕ್ಕೆ ಎಳೆಯುವ ಗಾಳಿಯ ಚಿಂತೆ ಜಾಸ್ತಿ. ಅದಕ್ಕೇ ಚೌಕಟ್ಟಿನ ಕಂಬಗಳು ಗೋಡೆಯ ಮೇಲೆ ಕೂರುವುದಿಲ್ಲ, ಕೆಳಗಿನ ಕಾಲಮ್ಮುಗಳಿಗೇ ನೇರವಾಗಿ ಕಚ್ಚಿಕೊಳ್ಳುತ್ತವೆ.

ಎರಡನೆಯದು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಮಧ್ಯಾಹ್ನ ಎರಡಕ್ಕೆ ತಗಡಿನ ಮೇಲೆ ರೊಟ್ಟಿ ಬೇಯಿಸಬಹುದು. ಅದರ ಕೆಳಗೆ ಮಗಳನ್ನು ಓದಲು ಕೂರಿಸುವುದೆಂದರೆ ಶಿಕ್ಷೆಯೇ. ಇಂಗ್ಲೆಂಡಿನವರು ಚಾವಣಿಗೆ ಒಳಗಿಂದ ದಪ್ಪಗೆ ಹೊದಿಸುವುದು ಶಾಖ ಹೊರಗೆ ಹೋಗಬಾರದೆಂದು. ನಾವು ಅದೇ ಕೆಲಸ ಮಾಡುವುದು ಶಾಖ ಒಳಗೆ ಬರಬಾರದೆಂದು. ಎರಡು ಪದರ ಚಾವಣಿ, ನಡುವೆ ಗಾಳಿ ಓಡಾಡಲು ಒಂದು ಗೇಣು ಜಾಗ, ಕೆಳಗಿನ ಅಂಚಲ್ಲಿ ಗಾಳಿ ಹೊಕ್ಕು ತುದಿಯಲ್ಲಿ ಹೊರಗೆ ಹೋಗುವ ಹಾಗೆ ಕಿಂಡಿ. ಪಡುವಣ ಗೋಡೆಗೆ ಕಿಟಕಿ ಇಲ್ಲ. ಕೋಣೆಯ ಎತ್ತರ ಎಲ್ಲೂ ಒಂಬತ್ತು ಅಡಿಗಿಂತ ಕಮ್ಮಿ ಇರಬಾರದು, ಕೆಳಗಿನ ಅಂಚಲ್ಲೂ. ಇದು ನನ್ನ ಹಟ. ಫ್ಯಾನಿನ ಗಾಳಿ ಬಿಸಿಯನ್ನೇ ತಲೆಗೆ ಸುರಿಯುವುದು ಬಾಡಿಗೆ ಮನೆಯಲ್ಲಿ ಹನ್ನೆರಡು ವರ್ಷ ಅನುಭವಿಸಿದ್ದೇನೆ.

ಸದ್ಯಕ್ಕೆ ಮಾಡುತ್ತಿರುವುದು ಇಷ್ಟೆ. ಪ್ರತಿ ಮಾರ್ಚಿಗೆ ಮಾಳಿಗೆಗೆ ಎರಡು ಕೈ ಸುಣ್ಣ. ಕೆಳಗಿನ ಕೋಣೆಗಳಲ್ಲಿ ರಾತ್ರಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹಗಲಲ್ಲಿ ಮಾತ್ರ ಕಪ್ಪು ಕನ್ನಡಕ ಇಲ್ಲದೆ ಬಟ್ಟೆ ಒಣಹಾಕಲು ಆಗುವುದಿಲ್ಲ.

ಇನ್ನು ಸರಳುಗಳ ಕಥೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ತಪ್ಪು ನಮ್ಮದು.

ನಮ್ಮ ಊರಲ್ಲಿ ಯಾವ ಮಾಳಿಗೆಯ ಮೇಲೆ ನಿಂತು ನೋಡಿದರೂ ಸುತ್ತ ಮನೆಗಳ ತಲೆಯಲ್ಲಿ ರಾಡುಗಳು ನೆಟ್ಟಗೆ ನಿಂತಿರುತ್ತವೆ, ಜೋಳದ ದಂಟು ಕೊಯ್ದ ಹೊಲದ ಹಾಗೆ. ಇಪ್ಪತ್ತು ವರ್ಷದಿಂದ ನಿಂತಿರುವವೂ ಇವೆ. ಆ ಮನೆಯ ಮಕ್ಕಳು ಬೆಂಗಳೂರು, ಪುಣೆ ಸೇರಿರುತ್ತಾರೆ, ರಾಡಿಗೆ ಮಾತ್ರ ವಿಷಯ ತಿಳಿದಿರುವುದಿಲ್ಲ. ನಮ್ಮ ಮನೆಗೆ 12 ಕಾಲಮ್, ಒಂದೊಂದಕ್ಕೆ 6 ರಾಡು, 16 ಎಂಎಂ ದಪ್ಪ. ಮುಂದಿನ ರಾಡನ್ನು ಇದರ ಪಕ್ಕಕ್ಕೆ ಜೋಡಿಸಿ ಕಟ್ಟಲು ರಾಡಿನ ದಪ್ಪದ 50 ಪಟ್ಟು ಉದ್ದ ಹೊರಗೆ ಇರಬೇಕು. ಅಂದರೆ 80 ಸೆಂಟಿಮೀಟರ್. ನಾವು ಮೂರು ಅಡಿ ಬಿಟ್ಟೆವು.

ಬಿಟ್ಟು ಸುಮ್ಮನಾದೆವು. ಗೃಹಪ್ರವೇಶಕ್ಕೆ ಶಾಮಿಯಾನದವರು ಬಂದರು. ಹಗ್ಗ ಕಟ್ಟಲು ಇಷ್ಟು ಚೆಂದದ ಗೂಟ ಇನ್ನೆಲ್ಲಿ ಸಿಗಬೇಕು? ಮುಂದಿನ ಎರಡು ಕಾಲಮ್ಮಿನ ರಾಡಿಗೆ ಬಿಗಿದರು. ಸಂಜೆ ಗಾಳಿ ಬಂತು. ಬೆಳಿಗ್ಗೆ ನೋಡಿದರೆ ಹನ್ನೆರಡರಲ್ಲಿ ಏಳು ರಾಡು ನಮಸ್ಕಾರ ಮಾಡುತ್ತಿದ್ದವು. ಅವರಲ್ಲೇ ಒಬ್ಬ ಒಳ್ಳೆಯ ಮನಸ್ಸಿನಿಂದ ಪೈಪು ತೂರಿಸಿ ಎಳೆದು ನೆಟ್ಟಗೆ ಮಾಡಿಕೊಟ್ಟು ಹೋದ. ಎಂಜಿನಿಯರ್ ಬಂದು ನೋಡಿ ತಲೆ ಹಿಡಿದುಕೊಂಡ. ಈ ಬಿಗಿ ಕಬ್ಬಿಣವನ್ನು ಬುಡದಲ್ಲಿ ಬಗ್ಗಿಸಿ ಮತ್ತೆ ನೆಟ್ಟಗೆ ಮಾಡಿದರೆ ಒಳಗೇ ಸೀಳು ಬಿಡಬಹುದು. ಕಣ್ಣಿಗೆ ಕಾಣುವುದಿಲ್ಲ. ಆ ಎರಡು ಕಾಲಮ್ಮಿಗೆ ಮುಂದೆ ತೂತು ಕೊರೆದು, ಕೆಮಿಕಲ್ ಹಾಕಿ ಹೊಸ ರಾಡು ಕೂರಿಸಬೇಕು. ಅದು ಬೇರೆ ಖರ್ಚು.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಉಳಿದ ರಾಡುಗಳಿಂದ ತುಕ್ಕು ಇಳಿದು ಹೊಸ ಬಣ್ಣದ ಗೋಡೆಯ ಮೇಲೆ ಎಲೆ ಅಡಿಕೆ ಉಗುಳಿದ ಹಾಗೆ ಗೆರೆ. ಆಗ ಗೌಂಡಿಯನ್ನು ಮತ್ತೆ ಕರೆಸಿದೆವು. ತಂತಿಯ ಬ್ರಷ್‌ನಿಂದ ತುಕ್ಕು ಉಜ್ಜಿ, ಗಟ್ಟಿ ಸಿಮೆಂಟ್ ಹಾಲು ಬಳಿದು, ಸುತ್ತ ಮೂರು ಅಡಿ ಎತ್ತರ ಸಪ್ಪೆ ಕಾಂಕ್ರೀಟ್ ಹಾಕಿ ಮುಚ್ಚಿದ. ಒಂದು ಪಾಲು ಸಿಮೆಂಟಿಗೆ ನಾಲ್ಕು ಮರಳು, ಎಂಟು ಜಲ್ಲಿ. ಬೇಕೆಂದೇ ದುರ್ಬಲ. ಮುಂದೆ ಒಡೆಯುವಾಗ ಒಳಗಿನ ರಾಡಿಗೆ ಪೆಟ್ಟಾಗಬಾರದು. "ಒಡಿಲಾಕ ಹಗೂರ ಇರಬೇಕ್ರಿ ಅಕ್ಕೋರೆ, ಇದು ಹೊರೋ ಕಂಬಲ್ಲ, ಕಾಯೋ ಕಂಬ" ಅಂದ. ಈಗ ನಮ್ಮ ಮಾಳಿಗೆಯ ಮೇಲೆ 12 ಕುಳ್ಳ ಕಂಬಗಳು. ಮಗ ಕ್ರಿಕೆಟ್ ಆಡಲು ಒಂದಕ್ಕೆ ಸ್ಟಂಪಿನ ಗೆರೆ ಎಳೆದಿದ್ದಾನೆ. ಅತ್ತೆ ಒಂದರ ಮೇಲೆ ತುಳಸಿ ಇಟ್ಟಿದ್ದಾರೆ.

ಪೈಪು, ವೈರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ನಾನು ಮೊಬೈಲ್ ಹಿಡಿದು ಇಡೀ ಮಾಳಿಗೆಯ ಫೋಟೋ ತೆಗೆದೆ. ಪ್ರತಿ ಬೀಮು, ಪ್ರತಿ ಕರೆಂಟಿನ ಪೈಪಿನ ಪಕ್ಕ ಟೇಪು ಬಿಡಿಸಿ ಇಟ್ಟು, ಗೋಡೆಯಿಂದ ಎಷ್ಟು ಅಡಿ ಅಂತ ಕಾಣುವ ಹಾಗೆ. ಸೆಂಟ್ರಿಂಗ್ ಹುಡುಗರು ನಗುತ್ತಿದ್ದರು. ಆ 46 ಫೋಟೋ ಪ್ರಿಂಟ್ ಹಾಕಿಸಿ, ರಾಡಿನ ನಕ್ಷೆಯ ಜೊತೆ, ಎಲ್ಐಸಿ ಬಾಂಡು ಇಡುವ ಫೈಲಿನಲ್ಲೇ ಇಟ್ಟಿದ್ದೇನೆ. ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಕೊಳಚೆ ನೀರಿಗೆ ಒಂದು ದಪ್ಪ ಪೈಪು, ಕುಡಿಯುವ ನೀರಿಗೆ ಒಂದು ಸಣ್ಣದು, ವೈರಿಗೆ ಒಂದು ಖಾಲಿ ಪೈಪು ಮೇಲಿನವರೆಗೆ ತಂದು ಮುಚ್ಚಳ ಹಾಕಿಸಿದೆವು. ಆ ಖಾಲಿ ಪೈಪಿನೊಳಗೆ ಒಂದು ನೈಲಾನ್ ದಾರ ಬಿಟ್ಟಿದ್ದೇವೆ, ಮುಂದೆ ವೈರು ಎಳೆಯಲು. ಸಾವಿರ ಲೀಟರಿನ ನೀರಿನ ಟ್ಯಾಂಕು ಮಾಳಿಗೆಯ ಮೇಲೆ ಇಡದೆ ಮೆಟ್ಟಿಲ ಮೇಲಿನ ಗೂಡಿನ ತಲೆಯ ಮೇಲೇ ಕೂರಿಸಿದ್ದು ಇವರ ಬುದ್ಧಿವಂತಿಕೆ, ಒಪ್ಪಿಕೊಳ್ಳಬೇಕು. ಒಂದು ಟನ್ ನೀರು ಕಾಲಮ್ಮಿನ ಮೇಲೇ ಬೀಳುತ್ತದೆ. ಮುಂದೆ ಕೋಣೆ ಬಂದರೂ ಟ್ಯಾಂಕು ಎತ್ತಿ ಇಡುವ ಕೆಲಸ ಇಲ್ಲ. ಪಾಲಿಕೆಯ ಪರವಾನಗಿ ಈಗ ನೆಲದ ಮನೆಗೆ ಮಾತ್ರ ಇದೆ. ಮೇಲಿನದಕ್ಕೆ ಆಗ ಮತ್ತೆ ಅರ್ಜಿ ಹಾಕಬೇಕು.

ಆ ಕೋಣೆ ಯಾರಿಗೆ ಅನ್ನುವುದು ಇನ್ನೂ ಜಗಳ. ಇವರಿಗೆ ಬಾಡಿಗೆಗೆ ಕೊಡುವ ಆಸೆ. ಪರೀಕ್ಷೆಗೆ ಓದಲು ಬರುವ ಹುಡುಗರು ಈ ಊರಲ್ಲಿ ಬಹಳ. ಮಗಳು ಈಗಲೇ ಗೋಡೆಯ ಬಣ್ಣ ಆರಿಸಿಟ್ಟಿದ್ದಾಳೆ. ಮಗನಿಗೆ ಪಿಚ್ಚು ಹೋಗುತ್ತದೆಂಬ ಚಿಂತೆ. ನನಗೊಂದು ಮೇಜು ಬೇಕು, ಪೇಪರ್ ತಿದ್ದಲು, ಯಾರೂ ಅದರ ಮೇಲೆ ತೊಗರಿಬೇಳೆ ಡಬ್ಬಿ ಇಡಬಾರದು. ಇದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ ಅಷ್ಟೆ. ಮಗಳು ಹೊರಗೆ ಓದಲು ಹೋದರೆ ಕೋಣೆಯೇ ಬೇಡವಾಗಬಹುದು. ಆಗ ಆ ಒಂದು ತೊಲ ಬಂಗಾರ ನೆಲದಡಿಯಲ್ಲಿ ಹೂತಿಟ್ಟ ಹಾಗೆ. ಹೋಗಲಿ, ಎಷ್ಟೋ ಜನ ಹೂತಿಟ್ಟಿದ್ದಾರೆ.

ಅತ್ತೆಯದು ಬೇರೆಯೇ ತಕರಾರು. ಭಾರದ ಭಯ ಈಗ ಕಮ್ಮಿಯಾಗಿದೆ. ಹಗುರ ಬ್ಲಾಕನ್ನು ಕೈಯಲ್ಲಿ ಎತ್ತಿ ನೋಡಿ, "ಬಿಸ್ಕೀಟ್ ಇದ್ದಂಗ ಅದಲ್ಲ" ಅಂದರು. ಅವರ ಪ್ರಶ್ನೆ, ಮಾಳಿಗೆ ತುಂಬಾ ಕಟ್ಟಿಬಿಟ್ಟರೆ ಬೇಸಿಗೆಯಲ್ಲಿ ಮಲಗುವುದು ಎಲ್ಲಿ? ಸಂಜೆ ನಾಲ್ಕು ಬಕೆಟ್ ನೀರು ಚೆಲ್ಲಿ, ಹಬೆ ಆರಿದ ಮೇಲೆ ಜಮಖಾನೆ ಹಾಸಿ, ಒಂಬತ್ತಕ್ಕೆ ಮಲಗಿದರೆ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ತಂಪು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ನಕ್ಷೆಯಲ್ಲಿ ಮೂಡಣ ಅರ್ಧ ಖಾಲಿ ಬಿಟ್ಟೆವು. ಅಲ್ಲಿ ಎಂದೂ ಏನೂ ಬರುವುದಿಲ್ಲ ಅಂತ ಎಂಜಿನಿಯರ್ ಹುಡುಗನ ಕೈಯಲ್ಲೇ ಬರೆಸಿದರು ಅತ್ತೆ. ಅವರಿಗೆ ಓದಲು ಬರುವುದಿಲ್ಲ. ಮೊಮ್ಮಗಳ ಹತ್ತಿರ ಓದಿಸಿ ಖಾತ್ರಿ ಮಾಡಿಕೊಂಡರು.

ಆ ಮೂರು ಇಂಚಿನ ಮೆಟ್ಟಿಲಿಗೂ ಅವರೇ ದಾರಿ ಹುಡುಕಿದ್ದು. ಎರಡು ಸಲ ಮುಗ್ಗರಿಸಿದ ಮೇಲೆ ಊರಿಗೆ ಹೋದವರು ಬರುವಾಗ ಟಂಟಂ ಗಾಡಿಯಲ್ಲಿ ನಾಲ್ಕು ಫರ್ಸಿ ಹಾಕಿಸಿಕೊಂಡು ಬಂದರು. ಹಳೇ ಮನೆಯ ಪಡಸಾಲೆಯ ಶಹಾಬಾದ್ ಕಲ್ಲು. ಈಗಿನ ಹಾಗೆ ಮಶಿನ್ನಿನಲ್ಲಿ ಕೊಯ್ದು ನುಣುಪು ಮಾಡಿದ್ದಲ್ಲ. ಉಳಿಯಿಂದ ಎಬ್ಬಿಸಿದ್ದು, ಒಂದೂವರೆ ಇಂಚು ದಪ್ಪ, ಮೇಲೆ ಎಷ್ಟೋ ಕಾಲುಗಳು ಸವೆಸಿದ ಹೊಳಪು. ಮೆಟ್ಟಿಲು ಮುಗಿದಲ್ಲಿ, ಬಾಗಿಲ ಒಳಗಿನ ಆ ಮೂರಡಿ ಜಾಗದಲ್ಲಿ ಗೌಂಡಿ ಒಂದು ಇಂಚು ಮರಳು ಹಾಸಿ, ಎಡಕ್ಕೆ ಎರಡು, ಬಲಕ್ಕೆ ಎರಡು ಕಲ್ಲು ಒಂದರ ಮೇಲೊಂದು ಜೋಡಿಸಿ ಕೂರಿಸಿದ. ಸಿಮೆಂಟು ಹಾಕಲಿಲ್ಲ. ಮುಂದೆ ತೆಗೆಯಬೇಕಲ್ಲ. ಟೇಪು ಹಿಡಿದು ನೋಡಿದೆ. ಸರಿಯಾಗಿ ನಾಲ್ಕು ಇಂಚು.

ಸಿಮೆಂಟು ಇಲ್ಲದ್ದರಿಂದ ಎಡಗಡೆಯ ಕಲ್ಲು ಕಾಲಿಟ್ಟರೆ ಟಕ್ ಅನ್ನುತ್ತದೆ. ಕೆಳಗೆ ಅಡುಗೆಮನೆಯಲ್ಲಿ ಇದ್ದರೂ ಯಾರು ಮೇಲೆ ಹೋದರು ಅಂತ ಗೊತ್ತಾಗುತ್ತದೆ. ಮಗನದು ಟಕ್ ಟಕ್, ಓಡುವುದರಿಂದ. ಮಗಳು ಅದನ್ನು ತಪ್ಪಿಸಿ ಬಲಗಡೆಯ ಕಲ್ಲಿನ ಮೇಲೆ ಕಾಲಿಡುವುದು ಕಲಿತಿದ್ದಾಳೆ. ಅತ್ತೆಯದು ಒಂದೇ ಟಕ್, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ, ಅಲ್ಲೇ ನಿಂತು ದಮ್ಮು ಆರಿಸಿಕೊಳ್ಳುತ್ತಾರೆ. ಆಮೇಲೆ ಜಮಖಾನೆ ಝಾಡಿಸುವ ಸದ್ದು.